ಪೈಥಾನ್ ಬಂದರೆ ಸಾಕೇ, ‘ಸಿ’ಯನ್ನೂ ಕಲಿಯಬೇಕೇ?

2018ರ ಫೆಬ್ರವರಿಯಲ್ಲಿ ಒಂದು ಎಚ್ಚರಿಕೆ ಎಲ್ಲೆಡೆ ಹರಡಿತ್ತು. ತೆಲುಗಿನ ‘ಜ್ಞಾ’ ಅಕ್ಷರದ ಒಂದು ನಿರ್ದಿಷ್ಟ ಜೋಡಣೆ ಇರುವ ಮೆಸೇಜ್ ಬಂದರೆ ಐಫೋನ್‌ನಲ್ಲಿ ಆ ಆ್ಯಪ್ ತಟ್ಟನೆ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆದರೂ ಅದೇ ಕಥೆ ಎಂದು. ಇಂಥ ಎಚ್ಚರಿಕೆಗಳಲ್ಲಿ ಬಹುಪಾಲು ಬುರುಡೆಯೇ ಆಗಿರುತ್ತವೆ. ಇದು ಮಾತ್ರ ನಿಜವಾಗಿತ್ತು. ಆಪಲ್ ಕಂಪನಿ ಅದೇ ತಿಂಗಳು ಐಓಎಸ್ 11.2.6 ಬಿಡುಗಡೆ ಮಾಡಿ ದೋಷವನ್ನು ಸರಿಪಡಿಸಿತು. ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುವ ಭಾಗದಲ್ಲಿ ಮೆಮೊರಿ ಕೆಡುವ ಸಮಸ್ಯೆ ಇತ್ತು ಎಂಬುದು ಕಂಪನಿಯೇ ಕೊಟ್ಟ ಕಾರಣ.

ಒಂದು ಅಕ್ಷರ ತೋರಿಸಲು ಹೋದರೆ ಮೆಮೊರಿ ಏಕೆ ಕೆಡಬೇಕು? ಪೈಥಾನ್ ಮಾತ್ರ ಬಲ್ಲವರಿಗೆ ಈ ಮಾತೇ ವಿಚಿತ್ರವೆನಿಸುತ್ತದೆ, ಏಕೆಂದರೆ ಪೈಥಾನ್‌ನಲ್ಲಿ ‘ಮೆಮೊರಿ’ ಎಂಬ ಪದವನ್ನು ಬಳಸದೆಯೇ ವರ್ಷಗಟ್ಟಲೆ ಕೆಲಸ ಮಾಡಬಹುದು. ಇದನ್ನು ನೆನಪಿನಲ್ಲಿಟ್ಟುಕೊಂಡು, ಈಗ ವಿದ್ಯಾರ್ಥಿಗಳ ಮತ್ತು ಪೋಷಕರ ಗುಂಪುಗಳಲ್ಲಿ ಓಡಾಡುವ ಎರಡು ಬಗೆಯ ಸಂದೇಶಗಳನ್ನು ನೋಡೋಣ. ಒಂದು: “ಸಿ ಭಾಷೆ ಸತ್ತಿದೆ, ಎಐ ಕಾಲದಲ್ಲಿ ಪೈಥಾನ್ ಒಂದೇ ಸಾಕು.” ಇನ್ನೊಂದು: “ಸಿ ಬಾರದವರು ಪ್ರೋಗ್ರಾಮರ್‌ಗಳೇ ಅಲ್ಲ.” ಎರಡರ ಕೊನೆಯಲ್ಲೂ ಸಾಮಾನ್ಯವಾಗಿ ಒಂದು ಕೋರ್ಸಿನ ಲಿಂಕ್ ಇರುತ್ತದೆ.

ಇದು ಬರೀ ತಮಾಷೆಯ ಜಗಳವಲ್ಲ. ಸಿಬಿಎಸ್‌ಇ ಹನ್ನೊಂದು, ಹನ್ನೆರಡನೇ ತರಗತಿಯ ಕಂಪ್ಯೂಟರ್ ಸೈನ್ಸ್ ಈಗ ಸಿ++ ಬಿಟ್ಟು ಪೈಥಾನ್‌ಗೆ ಬಂದಿದೆ. ಹಾಗಾಗಿ ಮೊದಲು ಪೈಥಾನ್ ಕಲಿತು, ಆಮೇಲೆ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸಿ ಎದುರಿಸುವ ಮಕ್ಕಳ ಸಂಖ್ಯೆ ದೊಡ್ಡದು. ಪೈಥಾನ್‌ನಲ್ಲಿ ಲೀಲಾಜಾಲವಾಗಿ ಬರೆಯುತ್ತಿದ್ದವರು ಸಿಯಲ್ಲಿ ಮೊದಲ ವಾರವೇ ಮುಗ್ಗರಿಸಿದಾಗ “ನನಗೆ ಕೋಡಿಂಗ್ ಬರುವುದಿಲ್ಲ” ಎಂದು ತೀರ್ಮಾನಿಸಿಬಿಡುತ್ತಾರೆ. ಮುಗ್ಗರಿಸುವುದಕ್ಕೆ ಬೇರೆಯೇ ಕಾರಣವಿದೆ.

ಸಿ ನಿಜಕ್ಕೂ ಸತ್ತಿದೆಯೇ?

ಇಲ್ಲ. ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯಲ್ಲೇ ಲಿನಕ್ಸ್ ಕರ್ನಲ್‌ನ ಬಹುಭಾಗ ಇಂದಿಗೂ ಇದೆ. ಆ ಕರ್ನಲ್ ಮೇಲೆ ಆಂಡ್ರಾಯ್ಡ್ ನಿಂತಿದೆ. ಆಂಡ್ರಾಯ್ಡ್ ಫೋನಿನಲ್ಲಿ “ಸಿ ಸತ್ತಿದೆ” ಎಂದು ಓದುವಾಗ, ಆ ಸಾಲನ್ನು ಪರದೆಗೆ ತರುವ ಕೆಲಸದಲ್ಲಿ ಸಿಯೂ ಇದೆ. ಅಷ್ಟೇ ಅಲ್ಲ, ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್‌ನ ಅಧಿಕೃತ ಆವೃತ್ತಿ ಬರೆದಿರುವುದೇ ಸಿಯಲ್ಲಿ. ಎಐ ಕೆಲಸಕ್ಕೆ ಬಳಸುವ ನಮ್‌ಪೈನಂತಹ ಲೈಬ್ರರಿಗಳ ಒಳಗೂ ಲೆಕ್ಕ ಮಾಡುವ ಭಾಗ ಸಿಯಂತಹ ಭಾಷೆಗಳದ್ದು. ಮೇಲೆ ಕಾಣುವುದು ಪೈಥಾನ್, ಒಳಗೆ ದುಡಿಯುವುದು ಬೇರೆ.

ಆದರೆ ಇದರಿಂದ “ಸಿ ಕಲಿಯಲೇಬೇಕು” ಎಂದೂ ಆಗುವುದಿಲ್ಲ. ಬಸ್ಸಿನ ಎಂಜಿನ್ ಡೀಸೆಲ್‌ನಲ್ಲಿ ಓಡುತ್ತದೆ ಎಂದು ಪ್ರಯಾಣಿಕರೆಲ್ಲ ಮೆಕ್ಯಾನಿಕ್ ಆಗಬೇಕಿಲ್ಲವಲ್ಲ.

540 ಅಂಕಕ್ಕೆ ಶೇಕಡ ಎಷ್ಟು?

ಪೈಥಾನ್‌ನಿಂದ ಸಿಗೆ ಬಂದವರು ಎಲ್ಲಿ ಎಡವುತ್ತಾರೆ ಎಂಬುದನ್ನು ನಮ್ಮದೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಿಂದ ನೋಡಬಹುದು. ಒಟ್ಟು 625ಕ್ಕೆ 540 ಅಂಕ. ಶೇಕಡ ಲೆಕ್ಕ ಹಾಕಲು 540 / 625 * 100 ಎಂದು ಪೈಥಾನ್‌ಗೆ ಕೊಟ್ಟರೆ ಉತ್ತರ 86.4.

ಇದೇ ಸಾಲನ್ನು ಸಿಯಲ್ಲಿ ಬರೆದರೆ ಉತ್ತರ ಸೊನ್ನೆ. ಸಿಯಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಪೂರ್ಣಾಂಕವೇ ಸಿಗುತ್ತದೆ, ದಶಮಾಂಶದ ಭಾಗ ಬಿದ್ದುಹೋಗುತ್ತದೆ. 540ನ್ನು 625ರಿಂದ ಭಾಗಿಸಿದರೆ 0.864. ಅದರಲ್ಲಿ ಉಳಿಯುವುದು 0. ಸೊನ್ನೆಯನ್ನು ನೂರರಿಂದ ಗುಣಿಸಿದರೂ ಸೊನ್ನೆಯೇ. ಸರಿ, ಮೊದಲು ಗುಣಿಸಿ ಆಮೇಲೆ ಭಾಗಿಸೋಣ ಎಂದು 540 * 100 / 625 ಎಂದು ಬರೆದರೆ ಇಂದಿನ ಲ್ಯಾಪ್‌ಟಾಪ್‌ನಲ್ಲಿ 86 ಬರುತ್ತದೆ. ಪರವಾಗಿಲ್ಲ ಎನ್ನಬಹುದು.

ಅದೇ ಸಾಲನ್ನು ಪ್ರಾಜೆಕ್ಟ್‌ಗಳಲ್ಲಿ ಬಳಸುವ ಆರ್ಡುಯಿನೊ ಊನೊ ಬೋರ್ಡಿಗೆ ಹಾಕಿ. ಈಗ ಬರುವ ಉತ್ತರ ಮೈನಸ್ 18.

540 ಅಂಕ ತೆಗೆದ ಹುಡುಗಿಗೆ ಶೇ. ಮೈನಸ್ 18! ಬೋರ್ಡ್ ಕೆಟ್ಟಿಲ್ಲ. ಊನೊದಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ಸಿಗುವ ಜಾಗ 16 ಬಿಟ್. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ನಮ್ಮ 540 * 100 ಎಂದರೆ 54,000. ಅದು ಹಿಡಿಸುವುದಿಲ್ಲ. ಸ್ಕೂಟರಿನ ಕಿಲೋಮೀಟರ್ ಮೀಟರ್ ಕೊನೆ ಮುಟ್ಟಿ ಮತ್ತೆ ಮೊದಲಿನಿಂದ ಶುರುವಾಗುವಂತೆ ಇಲ್ಲಿಯೂ ಸಂಖ್ಯೆ ಸುತ್ತಿಕೊಂಡು ಋಣ ಸಂಖ್ಯೆಗಳ ಕಡೆಯಿಂದ ಬರುತ್ತದೆ. 54,000 ಇದ್ದದ್ದು ಮೈನಸ್ 11,536 ಆಗುತ್ತದೆ. ಅದನ್ನು 625ರಿಂದ ಭಾಗಿಸಿದರೆ ಮೈನಸ್ 18 ಚಿಲ್ಲರೆ, ಚಿಲ್ಲರೆ ಬಿದ್ದುಹೋಗಿ ಮೈನಸ್ 18.

ಇದೇ ದೋಷ ತೋಟದ ಪಂಪಿಗೆ ಬಂದರೆ? ಒಂದು ನಿಮಿಷ ಕಾಯಲು ಊನೊದಲ್ಲಿ 60 * 1000 ಮಿಲಿಸೆಕೆಂಡ್ ಎಂದು ಬರೆಯುವುದು ಹೊಸಬರ ಸಹಜ ಅಭ್ಯಾಸ. 60,000 ಕೂಡ ಆ ಜಾಗದಲ್ಲಿ ಹಿಡಿಸದೆ ಮೈನಸ್ 5,536 ಆಗುತ್ತದೆ. ಕಾಯುವ ಆಜ್ಞೆಗೆ ಋಣ ಸಂಖ್ಯೆ ಗೊತ್ತಿಲ್ಲ. ಅದು ಅದನ್ನು 429 ಕೋಟಿಗೂ ಹೆಚ್ಚಿನ ಸಂಖ್ಯೆ ಎಂದು ಓದಿಕೊಳ್ಳುತ್ತದೆ. ಫಲಿತಾಂಶ: ಒಂದು ನಿಮಿಷದ ಬದಲು ಸುಮಾರು 49 ದಿನ, 17 ಗಂಟೆಗಳ ಕಾಯುವಿಕೆ. ಪಂಪ್ ಆನ್ ಆಗಿ ಕಾಯುತ್ತಿದ್ದರೆ ತೋಟ ಕೆರೆಯಾಗುತ್ತದೆ, ಆಫ್ ಆಗಿ ಕಾಯುತ್ತಿದ್ದರೆ ಒಣಗುತ್ತದೆ. ಎಚ್ಚರಿಕೆಗಳನ್ನು ಆನ್ ಮಾಡಿಕೊಂಡಿದ್ದರೆ ಕಂಪೈಲರ್ ಇದನ್ನು ಹೇಳುತ್ತದೆ, ಅದನ್ನು ಓದುವವರು ಕಡಿಮೆ.

ಪೈಥಾನ್‌ನಲ್ಲಿ ಇದು ಆಗುವುದಿಲ್ಲ. ಸಂಖ್ಯೆ ದೊಡ್ಡದಾದಂತೆ ಪೈಥಾನ್ ತಾನೇ ಹೆಚ್ಚು ಜಾಗ ಕೊಡುತ್ತಾ ಹೋಗುತ್ತದೆ. ಆ ಸೌಕರ್ಯ ಪುಕ್ಕಟೆಯಲ್ಲ. ಇಂದಿನ 64 ಬಿಟ್ ಕಂಪ್ಯೂಟರಿನಲ್ಲಿ ಪೈಥಾನ್ 1 ಎಂಬ ಪುಟ್ಟ ಸಂಖ್ಯೆಗೆ 28 ಬೈಟ್ ಬಳಸುತ್ತದೆ, ಸಿ ಸಾಮಾನ್ಯವಾಗಿ 4 ಬೈಟ್‌ನಲ್ಲಿ ಮುಗಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಈ ವ್ಯತ್ಯಾಸ ಯಾರಿಗೂ ಲೆಕ್ಕಕ್ಕಿಲ್ಲ. ಊನೊದಲ್ಲಿ ಇರುವ ಒಟ್ಟು ಕೆಲಸದ ಮೆಮೊರಿಯೇ 2 ಕಿಲೋಬೈಟ್.

ಅಂದರೆ ಪೈಥಾನ್ ಬರುವವರಿಗೆ ಸಿ ಕಷ್ಟವೆನಿಸುವುದು ವ್ಯಾಕರಣದಿಂದಲ್ಲ. ಅರ್ಧವಿರಾಮ, ಪುಷ್ಪಾವರಣ ಎಲ್ಲ ನಾಲ್ಕು ದಿನದಲ್ಲಿ ಕೈಗೆ ಹತ್ತುತ್ತವೆ. ‘ಇದಕ್ಕೆ ಎಷ್ಟು ಜಾಗ?’ ಎಂಬ ಪ್ರಶ್ನೆಯನ್ನು ಪೈಥಾನ್ ಇಷ್ಟು ದಿನ ನಿಮ್ಮ ಪರವಾಗಿ ಉತ್ತರಿಸುತ್ತಿತ್ತು. ಸಿ ಅದನ್ನು ನಿಮಗೇ ಕೇಳುತ್ತದೆ.

‘ಕನ್ನಡ’ದಲ್ಲಿ ಅಕ್ಷರ ಎಷ್ಟು?

ನಮಗೆ ಮೂರು: ಕ, ನ್ನ, ಡ. ಪೈಥಾನ್‌ಗೆ ಐದು, ಏಕೆಂದರೆ ಅದು ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ: ಕ, ನ, ವಿರಾಮ, ನ, ಡ. ಸಿಯ ಉದ್ದ ಅಳೆಯುವ ಫಂಕ್ಷನ್ ಹೇಳುವುದು 15. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಸಿ ಎಣಿಸುವುದು ಬೈಟ್‌ಗಳನ್ನು ಮಾತ್ರ. ಅಕ್ಷರ ಎಂದರೇನು ಎಂಬುದೇ ಅದಕ್ಕೆ ತಿಳಿಯದು.

ಮೂವರೂ ಸರಿ, ಅಳೆಯುತ್ತಿರುವ ವಸ್ತು ಬೇರೆ ಬೇರೆ. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರದ ಮಿತಿ ಇದ್ದರೆ ಕನ್ನಡದ್ದಕ್ಕೆ 70 ಏಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಎರಡಕ್ಕೂ ಸಿಗುವುದು 140 ಬೈಟ್‌ಗಳೇ. ಅಲ್ಲಿ ಇಂಗ್ಲಿಷಿನ ಒಂದು ಅಕ್ಷರ 7 ಬಿಟ್‌ನಲ್ಲಿ ಹಿಡಿಸುತ್ತದೆ, ಕನ್ನಡದ ಒಂದೊಂದು ಸಂಕೇತಕ್ಕೆ 16 ಬಿಟ್ ಬೇಕು. ಮೊಬೈಲ್ ಕಂಪನಿಗಳು ಕನ್ನಡಕ್ಕೆ ತಾರತಮ್ಯ ಮಾಡುತ್ತಿವೆ ಎಂಬ ಸಂದೇಶ ಬಂದರೆ ಈ ಲೆಕ್ಕವನ್ನು ಮುಂದಿಡಿ.

ಈಗ ಸಿಯಲ್ಲಿ ಒಬ್ಬರು ‘ಐದು ಅಕ್ಷರ, ಕೊನೆಯ ಗುರುತಿಗೆ ಒಂದು’ ಎಂದು ಲೆಕ್ಕ ಹಾಕಿ 6 ಬೈಟ್ ಜಾಗ ಇಟ್ಟರು ಎನ್ನಿ. ಬೇಕಿದ್ದದ್ದು 16. ಉಳಿದ 10 ಬೈಟ್ ಎಲ್ಲಿಗೆ ಹೋಗುತ್ತದೆ? ಪಕ್ಕದಲ್ಲಿ ಏನಿದೆಯೋ ಅದರ ಮೇಲೆ. ಅಲ್ಲಿ ಇನ್ನೊಂದು ಹೆಸರು ಇರಬಹುದು, ಬ್ಯಾಲೆನ್ಸ್ ಮೊತ್ತ ಇರಬಹುದು, ಪ್ರೋಗ್ರಾಂ ಮುಂದೆ ಎಲ್ಲಿಗೆ ಹೋಗಬೇಕು ಎಂಬ ವಿಳಾಸವೇ ಇರಬಹುದು. ತೆಲುಗು ಅಕ್ಷರದ ದೋಷದ ಒಳವಿವರ ಬೇರೆ, ಆದರೆ ಅದು ಸೇರುವುದು ಮೆಮೊರಿ ಕೆಡುವ ಈ ಕುಟುಂಬಕ್ಕೇ.

ಇಪ್ಪತ್ತೊಂದನೇ ಎಲೆ

ಮದುವೆ ಮನೆಯ ಪಂಕ್ತಿಯಲ್ಲಿ 20 ಎಲೆ ಹಾಕಿದೆ. ಬಡಿಸುವವರು ಮೇಲೆ ನೋಡದೆ 21ನೇ ಸೌಟು ಪಾಯಸ ಹಾಕಿದರೆ ಅದು ನೆಲಕ್ಕೋ, ಯಾರದೋ ರೇಷ್ಮೆ ಸೀರೆಗೋ ಬೀಳುತ್ತದೆ. ಪೈಥಾನ್‌ನಲ್ಲಿ ಪಂಕ್ತಿಯ ಕೊನೆಯಲ್ಲಿ ಒಬ್ಬರು ನಿಂತು “ಎಲೆ ಮುಗೀತು” ಎಂದು ಕೈ ಹಿಡಿಯುತ್ತಾರೆ, ಪ್ರೋಗ್ರಾಂ ದೋಷ ಹೇಳಿ ನಿಲ್ಲುತ್ತದೆ. ಸಿಯಲ್ಲಿ ಹಾಗೆ ನಿಲ್ಲುವವರು ಯಾರೂ ಇಲ್ಲ. ಪೈಥಾನ್‌ನಲ್ಲಿ ಮೈನಸ್ 1ನೇ ಸ್ಥಾನ ಎಂದರೆ ಕೊನೆಯ ವಸ್ತು. ಸಿಯಲ್ಲಿ ಅದು ಪಂಕ್ತಿ ಶುರುವಾಗುವ ಮುಂಚಿನ ಜಾಗ, ಅಂದರೆ ಬೇರೆಯವರದ್ದು. ಪೈಥಾನ್‌ನಿಂದ ಬಂದವರ ಕೈ ಇಲ್ಲಿ ಅಭ್ಯಾಸಬಲದಿಂದ ತಪ್ಪುತ್ತದೆ.

2024ರ ಜುಲೈ 19 ನಿಮಗೆ ನೆನಪಿರಬಹುದು. ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕುಸಿದವು, ವಿಮಾನ ನಿಲ್ದಾಣಗಳಲ್ಲಿ ಸಾಲುಗಳು ಬೆಳೆದವು, ಭಾರತದಲ್ಲಿ ಇಂಡಿಗೋ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಸಿಕ್ಕಿ ಅದರ ಫೋಟೊ ಎಲ್ಲೆಡೆ ಹಂಚಿಕೆಯಾಯಿತು. ಅದು ಸೈಬರ್ ದಾಳಿ ಎಂಬ ಸಂದೇಶಗಳೂ ಹರಿದಾಡಿದವು. ದಾಳಿಯಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟ್‌ನಲ್ಲಿದ್ದ ದೋಷ. ಆ ಕಂಪನಿಯೇ ಪ್ರಕಟಿಸಿದ ವಿವರಣೆಯ ತಿರುಳು ಇಷ್ಟು: ಒಂದೆಡೆ 21 ಮಾಹಿತಿಗಳು ಇರುತ್ತವೆ ಎಂದು ಹೇಳಲಾಗಿತ್ತು, ತಂತ್ರಾಂಶ ಕೊಟ್ಟದ್ದು 20. ಇಲ್ಲದ 21ನೆಯದನ್ನು ಓದಲು ಹೋದಾಗ ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈ ಹಾಕಿತು. ಅದು ಕರ್ನಲ್ ಮಟ್ಟದಲ್ಲಿ ಓಡುತ್ತಿದ್ದ ತಂತ್ರಾಂಶವಾದ್ದರಿಂದ ಇಡೀ ವಿಂಡೋಸ್ ಬಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರ್‌ಗಳು.

ಹಾಗಾದರೆ ಅದನ್ನೂ ಪೈಥಾನ್‌ನಲ್ಲಿ ಬರೆಯಬಹುದಿತ್ತಲ್ಲ ಎಂದು ಕೇಳಬಹುದು. ಆಗುವುದಿಲ್ಲ. ಕರ್ನಲ್ ಒಳಗೆ ಓಡುವ ತಂತ್ರಾಂಶ ಪ್ರತಿ ಫೈಲ್ ತೆರೆಯುವಾಗಲೂ ಕ್ಷಣಾರ್ಧದಲ್ಲಿ ಕೆಲಸ ಮುಗಿಸಬೇಕು. ಅಲ್ಲಿ ಪೈಥಾನ್‌ನ ಇಡೀ ಸಂಸಾರವನ್ನು ಹೊತ್ತುಕೊಂಡು ಹೋಗಲು ಜಾಗವೂ ಇಲ್ಲ, ಸಮಯವೂ ಇಲ್ಲ.

ಇದು ಬಿಡಿ ಪ್ರಕರಣವಲ್ಲ. ತನ್ನ ಉತ್ಪನ್ನಗಳಲ್ಲಿ ಪ್ರತಿ ವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು. ಆಂಡ್ರಾಯ್ಡ್‌ನಲ್ಲಿ 2019ರಲ್ಲಿ ಈ ಪ್ರಮಾಣ ಶೇ. 76 ಇತ್ತು ಎಂದ ಗೂಗಲ್, ಹೊಸ ಕೋಡ್ ಅನ್ನು ರಸ್ಟ್‌ನಂತಹ ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತಾ ಬಂದ ಮೇಲೆ 2024ಕ್ಕೆ ಅದು ಶೇ. 24ಕ್ಕೆ ಇಳಿಯಿತು ಎಂದು ವರದಿ ಮಾಡಿದೆ. ಫೋನಿನ ‘ಸೆಕ್ಯುರಿಟಿ ಅಪ್‌ಡೇಟ್’ ಸೂಚನೆಯನ್ನು ಮುಂದೂಡುವವರು ಇದನ್ನೊಮ್ಮೆ ಗಮನಿಸಬೇಕು. ಅದರಲ್ಲಿ ಬರುವ ತೇಪೆಗಳಲ್ಲಿ ಹಲವು 21ನೇ ಎಲೆಯ ಕಥೆಗಳೇ.

ಮನೆ ಖಾಲಿ ಮಾಡುವವರು ಯಾರು?

ಪೈಥಾನ್‌ನಲ್ಲಿ ಒಂದು ವಸ್ತುವನ್ನು ಎಷ್ಟು ಹೆಸರುಗಳು ಹಿಡಿದುಕೊಂಡಿವೆ ಎಂಬ ಎಣಿಕೆ ಒಳಗೇ ನಡೆಯುತ್ತಿರುತ್ತದೆ. ಎಣಿಕೆ ಸೊನ್ನೆಯಾದರೆ ಜಾಗ ತೆರವು. ಸಿಯಲ್ಲಿ ಬೇಕಾದಾಗ ಕೇಳಿ ಪಡೆದ ಜಾಗವನ್ನು ನೀವೇ ಹಿಂತಿರುಗಿಸಬೇಕು. ಮರೆತರೆ ಪ್ರೋಗ್ರಾಂ ದಿನೇ ದಿನೇ ಉಬ್ಬುತ್ತದೆ. ಹಿಂತಿರುಗಿಸಿದ ಮೇಲೂ ಹಳೆಯ ವಿಳಾಸ ಬಳಸಿದರೆ ಅದು ಬಾಡಿಗೆ ಮನೆ ಬಿಟ್ಟ ಮೇಲೂ ಹಳೆಯ ಬೀಗದ ಕೈಯಲ್ಲಿ ಬಾಗಿಲು ತೆಗೆದಂತೆ. ಒಳಗೆ ಈಗ ಯಾರಿದ್ದಾರೋ!

ಆ ‘ವಿಳಾಸ’ವೇ ಎಲ್ಲರೂ ಹೆದರುವ ಪಾಯಿಂಟರ್. ಹೆದರುವಂಥದ್ದೇನೂ ಇಲ್ಲ, ಪೈಥಾನ್‌ನಲ್ಲಿ ಅದನ್ನು ನೀವು ಹೆಸರು ಗೊತ್ತಿಲ್ಲದೆ ಬಳಸಿಯೇ ಇದ್ದೀರಿ. ‘ಎ’ ಎಂಬ ಲಿಸ್ಟ್ ಇದೆ, ‘ಬಿ = ಎ’ ಎಂದು ಬರೆದು ಬಿಗೆ ಏನಾದರೂ ಸೇರಿಸಿದರೆ ಎ ಕೂಡ ಬದಲಾಗುತ್ತದೆ. ಪೈಥಾನ್ ಕಲಿಯುವವರು ಇದನ್ನು ಒಂದು ವಿಚಿತ್ರ ನಿಯಮವೆಂದು ಬಾಯಿಪಾಠ ಮಾಡುತ್ತಾರೆ. ಪಾಯಿಂಟರ್ ಅರ್ಥವಾದವರಿಗೆ ಅದು ನಿಯಮವೇ ಅಲ್ಲ: ನಕಲಾದದ್ದು ವಿಳಾಸ, ಮನೆಯಲ್ಲ. ನನ್ನ ಮಟ್ಟಿಗೆ ಸಿ ಕಲಿಕೆಯ ದೊಡ್ಡ ಲಾಭ ಇದೇ. ಸಿಯಲ್ಲಿ ಒಂದು ಸಾಲೂ ಮುಂದೆ ಬರೆಯದವರಿಗೂ ಪೈಥಾನ್ ಚೆನ್ನಾಗಿ ಅರ್ಥವಾಗುತ್ತದೆ.

“ಸಿ ಕಲಿತರೆ ಪ್ರೋಗ್ರಾಂ ನೂರು ಪಟ್ಟು ವೇಗ” ಎಂಬ ಮಾತು?

ಅರ್ಧ ಸತ್ಯ. ಕೋಟಿಗಟ್ಟಲೆ ಸಂಖ್ಯೆಗಳನ್ನು ಒಂದೊಂದಾಗಿ ಕೂಡುವಂಥ ಲೆಕ್ಕದಲ್ಲಿ ಸಿ ಪೈಥಾನ್‌ಗಿಂತ ಹತ್ತಾರು ಪಟ್ಟು ವೇಗವಾಗಿರುವುದು ಸಾಮಾನ್ಯ. ಆದರೆ ನಿತ್ಯದ ಬಹಳಷ್ಟು ಪ್ರೋಗ್ರಾಂಗಳು ಲೆಕ್ಕ ಮಾಡುವುದಕ್ಕಿಂತ ಕಾಯುವುದೇ ಹೆಚ್ಚು: ನೆಟ್‌ವರ್ಕ್‌ಗೆ, ಸರ್ವರ್‌ಗೆ, ಬಳಕೆದಾರರ ಬೆರಳಿಗೆ. ಎರಡು ಸೆಕೆಂಡ್ ಸರ್ವರ್‌ಗಾಗಿ ಕಾಯುವ ಪ್ರೋಗ್ರಾಂ ಸಿಯಲ್ಲಿ ಬರೆದರೂ ಎರಡು ಸೆಕೆಂಡ್ ಕಾಯುತ್ತದೆ. ಸಿಯಲ್ಲಿ ಕೆಟ್ಟದಾಗಿ ಬರೆದ ಪ್ರೋಗ್ರಾಂಗಿಂತ ನಮ್‌ಪೈ ಬಳಸಿದ ಪೈಥಾನ್ ವೇಗವಾಗಿ ಓಡುವುದೂ ಉಂಟು.

ಹಾಗಾಗಿ ಆಫೀಸಿನ ಎಕ್ಸೆಲ್ ಫೈಲ್‌ಗಳನ್ನು ಜೋಡಿಸಲು, ಮಾರುಕಟ್ಟೆ ದರಗಳ ಪಟ್ಟಿ ಮಾಡಲು, ದತ್ತಾಂಶ ವಿಶ್ಲೇಷಣೆಗೆ ಪೈಥಾನ್ ಕಲಿತವರು ಸಿ ಕಲಿಯದಿದ್ದರೆ ಏನೂ ನಷ್ಟವಿಲ್ಲ. ಅವರನ್ನು ‘ಪ್ರೋಗ್ರಾಮರ್ ಅಲ್ಲ’ ಎನ್ನುವುದು ಶುದ್ಧ ಜಂಬ. ವಾಹನ, ವೈದ್ಯಕೀಯ ಉಪಕರಣ, ಸೆನ್ಸರ್‌ಗಳಂಥ ಎಂಬೆಡೆಡ್ ಕೆಲಸ, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಭದ್ರತೆ, ಗೇಮ್ ಎಂಜಿನ್ ಕಡೆಗೆ ಹೋಗುವವರಿಗೆ ಮಾತ್ರ ಇದು ತಪ್ಪಿಸಿಕೊಳ್ಳಲಾಗದ ದಾರಿ.

ಸಿಯೋ, ರಸ್ಟೋ?

2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್ ಭಾಷೆ ವೇಗದಲ್ಲಿ ಸಿಗೆ ಸಮನಾಗಿ ನಿಲ್ಲುತ್ತದೆ. ಆದರೆ ‘ಈ ಜಾಗ ಯಾರದ್ದು, ಯಾವಾಗ ತೆರವು’ ಎಂಬ ಲೆಕ್ಕ ತಪ್ಪಿದ್ದರೆ ಪ್ರೋಗ್ರಾಂ ಕಂಪೈಲ್ ಆಗಲೇ ಬಿಡುವುದಿಲ್ಲ. 2022ರ ಡಿಸೆಂಬರಿನ 6.1 ಆವೃತ್ತಿಯಿಂದ ಲಿನಕ್ಸ್ ಕರ್ನಲ್ ಒಳಗೂ ರಸ್ಟ್‌ಗೆ ಜಾಗ ಸಿಕ್ಕಿದೆ. ಹೊಸ ಕೆಲಸಕ್ಕೆ ರಸ್ಟ್ ಒಳ್ಳೆಯ ಆಯ್ಕೆ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಪೈಥಾನ್‌ನಿಂದ ನೇರ ರಸ್ಟ್‌ಗೆ ಹಾರಿದವರಿಗೆ ಅದರ ಕಂಪೈಲರ್ ಸುಮ್ಮಸುಮ್ಮನೆ ಗದರುವ ಮೇಷ್ಟ್ರಂತೆ ಕಾಣುತ್ತದೆ. ಸಿಯಲ್ಲಿ ಒಂದೆರಡು ತಿಂಗಳ ಸಂಜೆ ಕಳೆದು ಕೈ ಸುಟ್ಟುಕೊಂಡವರಿಗೆ ಅದೇ ಗದರಿಕೆ ಏಕೆಂದು ತಿಳಿಯುತ್ತದೆ. ಮೊದಲು ಸ್ವಲ್ಪ ಸಿ, ಆಮೇಲೆ ಬೇಕಿದ್ದರೆ ರಸ್ಟ್ ಎಂಬುದು ನನ್ನ ಸಲಹೆ.

ಕಲಿಯುವುದಾದರೆ ಕೆಲವು ಕಾಲೇಜುಗಳಲ್ಲಿ ಇಂದಿಗೂ ಕಾಣುವ ನೀಲಿ ಪರದೆಯ ಟರ್ಬೊ ಸಿ ಬೇಡ. ಅದು ಡಾಸ್ ಕಾಲದ್ದು, ಅಲ್ಲಿಯೂ ಪೂರ್ಣಾಂಕಕ್ಕೆ 16 ಬಿಟ್ಟೇ. ನಮ್ಮ 540 ಅಂಕದ ಹುಡುಗಿಗೆ ಅಲ್ಲಿಯೂ ಮೈನಸ್ 18. ಜಿಸಿಸಿ, ಕ್ಲ್ಯಾಂಗ್ ಎಂಬ ಇಂದಿನ ಕಂಪೈಲರ್‌ಗಳು ಉಚಿತವಾಗಿ ಸಿಗುತ್ತವೆ. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲೇ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಮೂಲಕ ಪೈಥಾನ್ ಮತ್ತು ಕ್ಲ್ಯಾಂಗ್ ಎರಡನ್ನೂ ಹಾಕಿಕೊಳ್ಳಬಹುದು. ಗುಂಪಿನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲ್‌ನಿಂದ ಮಾತ್ರ ಬೇಡ. ಕಂಪೈಲರ್‌ನ ಎಲ್ಲ ಎಚ್ಚರಿಕೆಗಳನ್ನೂ ಆನ್ ಮಾಡಿಕೊಳ್ಳಿ. ಕಂಪ್ಯೂಟರ್ ಇದ್ದರೆ ಅಡ್ರೆಸ್ ಸ್ಯಾನಿಟೈಸರ್ ಎಂಬ ಆಯ್ಕೆಯನ್ನೂ ಸೇರಿಸಿ. ಪಂಕ್ತಿಯ ಕೊನೆಯಲ್ಲಿ ನಿಂತು ಕೈ ಹಿಡಿಯುವವರನ್ನು ಅದು ಸಿಗೂ ಕೊಡುತ್ತದೆ: 21ನೇ ಎಲೆ ಮುಟ್ಟಿದ ಕ್ಷಣವೇ ಪ್ರೋಗ್ರಾಂ ನಿಲ್ಲಿಸಿ, ಯಾವ ಸಾಲಿನಲ್ಲಿ ಎಂದು ತೋರಿಸುತ್ತದೆ.

ಅಭ್ಯಾಸಕ್ಕೆ ನೂರು ಸಣ್ಣ ಲೆಕ್ಕಗಳ ಬದಲು ಒಂದೇ ಕೆಲಸ ಸಾಕು: ಪೈಥಾನ್‌ನ ಲಿಸ್ಟ್‌ನಂತೆ ತಾನೇ ಬೆಳೆಯುವ ಒಂದು ಪಟ್ಟಿಯನ್ನು ಸಿಯಲ್ಲಿ ನೀವೇ ಕಟ್ಟಿ. ನಾಲ್ಕು ಸಂಖ್ಯೆಗಳ ಜಾಗದಿಂದ ಶುರು ಮಾಡಿ. ತುಂಬಿದಾಗ ಎರಡರಷ್ಟು ಜಾಗ ಪಡೆದು, ಹಳೆಯದನ್ನು ಅಲ್ಲಿಗೆ ಸಾಗಿಸಿ, ಹಳೆಯ ಜಾಗವನ್ನು ಹಿಂತಿರುಗಿಸಿ. ಅದು ಓಡಿದ ಮೇಲೆ ಸಂಖ್ಯೆಗಳ ಬದಲು ನಿಮ್ಮ ಮನೆಯವರ ಹೆಸರುಗಳನ್ನು ಕನ್ನಡದಲ್ಲೇ ಹಾಕಿ ನೋಡಿ, ಪ್ರತಿ ಹೆಸರಿಗೆ ಎಷ್ಟು ಬೈಟ್ ಬೇಕೆಂದು ಮೊದಲು ಕಾಗದದ ಮೇಲೆ ಎಣಿಸಿಕೊಂಡು.